ಸೋಲಾರ್ ಬ್ಯಾಟರಿ: ಜೋಡಣೆ ಮತ್ತು ಜೋಪಾನ

(ಸಂಘದ ಬೆಳ್ಳಿಹಬ್ಬದ ಅಂಗವಾಗಿ ನಡೆದ ಸದಸ್ಯರ ಮಾಹಿತಿ ಸಭೆಯಲ್ಲಿ ಮಾಡಿದ ಭಾಷಣದ ಬರಹರೂಪ)



ನಮ್ಮ ಸಂಘ ಇಪ್ಪತ್ತೈದು ವರ್ಷ ತುಂಬಿಸಿಕೊಂಡಿದೆ. ಈ ಶುಭ ಸಂದರ್ಭದಲ್ಲಿ ಸಹಕಾರ ತತ್ವದ ಬಗ್ಗೆ ಹೇಳಬಲ್ಲ ಹಿರಿಯರು ವೇದಿಕೆಯ ಮೇಲೆ ಬೇಕಾದಷ್ಟು ಜನ ಇದ್ದಾರೆ. ಮನೆ ಮನೆಗೆ ಹೋಗಿ ಸೋಲಾರ್ ಜೋಡಿಸುವ, ರಿಪೇರಿ ಮಾಡುವ ನಮಗೆ ಕೊಟ್ಟ ವಿಷಯ ಚಿಕ್ಕದು. ಅದು ಬ್ಯಾಟರಿ. ಚಿಕ್ಕದು ಅಂದೆವು, ಆದರೆ ಸೋಲಾರ್ ಹಾಕಿಸಿದವರ ದುಡ್ಡು ನಿಂತಿರುವುದೂ ಮುಳುಗುವುದೂ ಈ ಒಂದು ಡಬ್ಬದಲ್ಲೇ.

ಹೇಗೆ ಅಂತ ಕೇಳಿ. ಪ್ಯಾನೆಲ್ಲಿಗೆ ಇಪ್ಪತ್ತು ಇಪ್ಪತ್ತೈದು ವರ್ಷ ಆಯುಸ್ಸು. ಅದಕ್ಕೆ ಧೂಳು ಒರೆಸುವುದು ಬಿಟ್ಟರೆ ಬೇರೆ ಚಾಕರಿ ಇಲ್ಲ. ಎಲ್‌ಇಡಿ ದೀಪ ಹೋದರೆ ಪೇಟೆಯಿಂದ ಇನ್ನೊಂದು ತರಬಹುದು. ಬ್ಯಾಟರಿ ಹಾಗಲ್ಲ. ಚೆನ್ನಾಗಿ ನೋಡಿಕೊಂಡರೆ ಐದಾರು ವರ್ಷ, ಕೆಲವು ಮನೆಗಳಲ್ಲಿ ಅದಕ್ಕೂ ಹೆಚ್ಚು ಬರುತ್ತದೆ. ನೋಡಿಕೊಳ್ಳದಿದ್ದರೆ ಎರಡೇ ವರ್ಷಕ್ಕೆ ಗುಜರಿಗೆ ಹೋಗುತ್ತದೆ. ಸಾಲದ ಕಂತು ಮಾತ್ರ ಐದು ವರ್ಷದ್ದು. ಎರಡು ವರ್ಷಕ್ಕೆ ಬ್ಯಾಟರಿ ಸತ್ತರೆ ಉಳಿದ ಮೂರು ವರ್ಷ ಕತ್ತಲಲ್ಲಿ ಕೂತು ಬೆಳಕಿನ ಕಂತು ಕಟ್ಟಬೇಕು! ಅಂಥವರು ಕಂತು ತಡ ಮಾಡಿದರೆ ಅವರನ್ನು ಮಾತ್ರ ದೂರಿ ಪ್ರಯೋಜನ ಇಲ್ಲ. ವಸೂಲಾತಿ ಕುಂಠಿತ ಆದರೆ ನಷ್ಟ ಸಂಘಕ್ಕೆ, ಅಂದರೆ ನಮಗೆಲ್ಲರಿಗೂ. ಅದಕ್ಕೇ ಬ್ಯಾಟರಿಯ ಜೋಪಾನ ಸಂಘದ ವಿಷಯವೂ ಹೌದು.

ನಾವು ಕಂಡ ಮಟ್ಟಿಗೆ ಬ್ಯಾಟರಿಗಳು ವಯಸ್ಸಾಗಿ ಸಾಯುವುದು ಕಡಿಮೆ. ಹೆಚ್ಚಿನವು ಸಾಯುವುದು ಹಸಿವಿನಿಂದ ಮತ್ತು ಬಾಯಾರಿಕೆಯಿಂದ. ಹಸಿವು ಅಂದರೆ ಚಾರ್ಜು ಸಾಲದಿರುವುದು, ಬಾಯಾರಿಕೆ ಅಂದರೆ ನೀರು ಸಾಲದಿರುವುದು. ಇವತ್ತಿನ ಮಾತೆಲ್ಲ ಇಷ್ಟೇ. ಉಳಿದದ್ದು ಇದರ ವಿವರ.

ಬ್ಯಾಟರಿ ಒಳಗೆ ಏನಿದೆ?

ನಮ್ಮ ಮನೆಗಳಲ್ಲಿ ಇರುವುದು ಬಹುಪಾಲು ಸೀಸ ಮತ್ತು ಆಸಿಡ್ಡಿನ ಬ್ಯಾಟರಿ. ಇದು ಹೊಸ ವಿದ್ಯೆ ಏನಲ್ಲ. 1859ರಲ್ಲಿ ಫ್ರಾನ್ಸಿನ ಗ್ಯಾಸ್ಟನ್ ಪ್ಲಾಂಟೆ ಎಂಬ ವಿಜ್ಞಾನಿ ಮಾಡಿದ್ದು. 12 ವೋಲ್ಟಿನ ಬ್ಯಾಟರಿಯಲ್ಲಿ 2 ವೋಲ್ಟಿನ ಆರು ಕೋಣೆಗಳಿರುತ್ತವೆ. ಒಂದೊಂದು ಕೋಣೆಯಲ್ಲೂ ಸೀಸದ ಪ್ಲೇಟುಗಳು, ಅವು ಮುಳುಗುವಷ್ಟು ನೀರು ಬೆರೆಸಿದ ಗಂಧಕಾಮ್ಲ. ದೀಪ ಉರಿಸುವಾಗ ಆಮ್ಲದ ಸತ್ವ ಪ್ಲೇಟಿಗೆ ಹೋಗಿ ಕೂರುತ್ತದೆ, ನೀರು ತೆಳ್ಳಗಾಗುತ್ತದೆ. ಬಿಸಿಲಿನಲ್ಲಿ ಚಾರ್ಜು ಆಗುವಾಗ ಅದು ಮತ್ತೆ ನೀರಿಗೆ ಬರುತ್ತದೆ.

ಚಾರ್ಜು ಇಲ್ಲದೆ ವಾರಗಟ್ಟಲೆ ಬಿಟ್ಟರೆ ಪ್ಲೇಟಿನ ಮೇಲೆ ಕೂತದ್ದು ಗಟ್ಟಿಯಾಗಿ ಹರಳುಗಟ್ಟುತ್ತದೆ. ಆಮೇಲೆ ಎಷ್ಟು ಬಿಸಿಲು ಕೊಟ್ಟರೂ ಪೂರ್ತಿ ಬಿಡುವುದಿಲ್ಲ. 100 ಆಂಪಿಯರ್-ಅವರ್ ಬ್ಯಾಟರಿ ಹೊರಗಿಂದ ನೋಡಲಿಕ್ಕೆ ಹಾಗೇ ಇರುತ್ತದೆ, ಒಳಗೆ ನಲವತ್ತಕ್ಕೆ ಇಳಿದಿರುತ್ತದೆ. ಹಸಿವಿನಿಂದ ಸಾಯುವುದು ಅಂದದ್ದು ಇದಕ್ಕೆ.

ಕೊಳ್ಳುವಾಗ ಒಂದು ಎಚ್ಚರ. ಟ್ರ್ಯಾಕ್ಟರ್, ಜೀಪಿನ ಬ್ಯಾಟರಿ ಅಗ್ಗಕ್ಕೆ ಸಿಗುತ್ತದೆ ಅಂತ ಸೋಲಾರಿಗೆ ಹಾಕಬೇಡಿ. ಅದರ ಪ್ಲೇಟು ತೆಳು. ಎಂಜಿನ್ ಎಬ್ಬಿಸಲಿಕ್ಕೆ ಒಂದು ಕ್ಷಣ ಜೋರಾಗಿ ಕೊಡುವುದು ಅದರ ಕೆಲಸ. ರಾತ್ರಿಯಿಡೀ ನಿಧಾನವಾಗಿ ಕೊಡುವ ಕೆಲಸಕ್ಕೆ ಟ್ಯೂಬುಲರ್ ಬ್ಯಾಟರಿಯೇ ಬೇಕು.

ಎಷ್ಟು ದೊಡ್ಡದು ಬೇಕು?

ಇದು ಲೆಕ್ಕದ ವಿಷಯ, ಅಂದಾಜಿನದ್ದಲ್ಲ. ಒಂದು ಸಾಮಾನ್ಯ ಮನೆ ತೆಗೆದುಕೊಳ್ಳಿ. 7 ವ್ಯಾಟಿನ ನಾಲ್ಕು ದೀಪ, ದಿನಕ್ಕೆ 4 ಗಂಟೆ: 112. 28 ವ್ಯಾಟಿನ ಡಿ.ಸಿ. ಫ್ಯಾನು 6 ಗಂಟೆ: 168. ಎರಡು ಮೊಬೈಲಿಗೆ 20. ಒಟ್ಟು 300 ವ್ಯಾಟ್-ಅವರ್. ಇದನ್ನು 12 ವೋಲ್ಟಿನಿಂದ ಭಾಗಿಸಿದರೆ ದಿನಕ್ಕೆ 25 ಆಂಪಿಯರ್-ಅವರ್ ಖರ್ಚು. ಎರಡು ದಿನ ಮೋಡ ಕವಿದರೂ ನಡೆಯಬೇಕು ಅಂದರೆ 50 ಬೇಕು. ಆದರೆ ಬ್ಯಾಟರಿಯನ್ನು ಅರ್ಧಕ್ಕಿಂತ ಕೆಳಗೆ ಇಳಿಸಬಾರದು. ಹಾಗಾಗಿ ಕೊಳ್ಳಬೇಕಾದ್ದು 100 ಆಂಪಿಯರ್-ಅವರಿನದು.

ಅರ್ಧಕ್ಕಿಂತ ಯಾಕೆ ಇಳಿಸಬಾರದು? ದಿನಾ ಮುಕ್ಕಾಲು ಪಾಲಿಗೂ ಮೇಲೆ ಖಾಲಿ ಮಾಡುವ ಬ್ಯಾಟರಿಗಿಂತ ಅರ್ಧಕ್ಕೇ ನಿಲ್ಲಿಸುವ ಬ್ಯಾಟರಿ ಹೆಚ್ಚು ಕಡಿಮೆ ಎರಡು ಪಟ್ಟು ಸಲ ಚಾರ್ಜು ತಾಳುತ್ತದೆ. ನಮ್ಮ ಸಂಘದ ಉಳಿತಾಯ ಖಾತೆ ಇದ್ದ ಹಾಗೆ ಅಂದುಕೊಳ್ಳಿ. ಹಾಕಿದ್ದನ್ನೆಲ್ಲ ಅದೇ ದಿನ ತೆಗೆಯುವವನ ಖಾತೆಯಲ್ಲಿ ಕಷ್ಟಕಾಲಕ್ಕೆ ಏನು ಉಳಿದೀತು?

ಪ್ಯಾನೆಲ್ಲು ಎಷ್ಟಿರಬೇಕು? ಬೇಸಿಗೆ, ಚಳಿಗಾಲ ಸೇರಿ ದಿನಕ್ಕೆ 4 ಗಂಟೆಯ ಪೂರ್ತಿ ಬಿಸಿಲು ಅಂತ ಹಿಡಿದು, ತಂತಿ, ಬಿಸಿ, ಬ್ಯಾಟರಿ ಇವುಗಳಲ್ಲಿ ಸೋರಿ ಹೋಗುವುದನ್ನು ಕಳೆದು ನೂರಕ್ಕೆ 70 ಕೈಗೆ ಸಿಗುತ್ತದೆ ಅಂದುಕೊಳ್ಳಿ. 150 ವ್ಯಾಟಿನ ಪ್ಯಾನೆಲ್ಲು 420 ಕೊಡುತ್ತದೆ. ನಮ್ಮ ಖರ್ಚು 300. ಉಳಿದದ್ದು ಹಿಂದಿನ ದಿನದ ಬಾಕಿ ತೀರಿಸಲಿಕ್ಕೆ. ಆಷಾಢದ ಜಡಿಮಳೆಯಲ್ಲಿ ಬಿಸಿಲು 2 ಗಂಟೆಯಷ್ಟು ಸಿಕ್ಕಿದರೆ 210 ಮಾತ್ರ ಬರುತ್ತದೆ. ಆಗ 300 ಖರ್ಚು ಮಾಡಿದರೆ ದಿನಾ ಸಾಲ. ಆದರೆ ಆಷಾಢದಲ್ಲಿ ಫ್ಯಾನು ಯಾರಿಗೆ ಬೇಕು? ಅದನ್ನು ನಿಲ್ಲಿಸಿದರೆ ಖರ್ಚು 132ಕ್ಕೆ ಇಳಿಯಿತು, ಖಾತೆ ಸರಿಹೋಯಿತು. ಅಡಿಕೆ ಸುಲಿಯುವ ಕಾಲದಲ್ಲಿ ಮಧ್ಯರಾತ್ರಿಯವರೆಗೆ ದೀಪ ಬೇಕು, ಅದು ಚಳಿಗಾಲ. ಆಗ ಹಗಲು ಒಳ್ಳೆ ಬಿಸಿಲು ಇರುತ್ತದೆ, ಫ್ಯಾನೂ ಬೇಡ. ಲೆಕ್ಕ ಇಟ್ಟುಕೊಂಡವನಿಗೆ ಕಾಲ ಸಹಾಯ ಮಾಡುತ್ತದೆ.

ಎಲ್ಲಿ ಇಡಬೇಕು?

ಸಾಮಾನ್ಯವಾಗಿ ಜನ ಬ್ಯಾಟರಿ ಇಡುವುದು ಕಣ್ಣಿಗೆ ಬೀಳದ ಕಡೆ. ಅಟ್ಟದ ಮೇಲೆ, ಕೊಟ್ಟಿಗೆಯಲ್ಲಿ, ಕೆಲವರು ದೇವರ ಕೋಣೆಯ ಮೂಲೆಯಲ್ಲಿ. ಮೂರೂ ತಪ್ಪು.

ಅಟ್ಟದಲ್ಲಿ ಹಂಚಿನ ಬಿಸಿ. 25 ಡಿಗ್ರಿಗಿಂತ ಮೇಲೆ ಪ್ರತಿ 10 ಡಿಗ್ರಿ ಬಿಸಿ ಹೆಚ್ಚಾದ ಹಾಗೆ ಬ್ಯಾಟರಿಯ ಆಯುಸ್ಸು ಸುಮಾರು ಅರ್ಧ ಆಗುತ್ತದೆ. ಕೊಟ್ಟಿಗೆಯಲ್ಲಿ ಗಂಜಲದ ಗಾಳಿ, ತಾಮ್ರದ ತಂತಿ ಕಿಲುಬು ಹಿಡಿಯುತ್ತದೆ. ದೇವರ ಕೋಣೆಯಲ್ಲಿ ಮತ್ತು ಒಲೆಯ ಹತ್ತಿರ ಬೆಂಕಿಯ ಭಯ. ಚಾರ್ಜು ಆಗುವಾಗ ಬ್ಯಾಟರಿಯಿಂದ ಹೈಡ್ರೋಜನ್ ಅನಿಲ ಬರುತ್ತದೆ. ಮುಚ್ಚಿದ ಕೋಣೆಯಲ್ಲಿ ಅದು ಸೇರಿಕೊಂಡರೆ ಒಂದು ನಂದಾದೀಪ ಸಾಕು, ಸ್ಫೋಟ ಆಗಬಹುದು. ಬೀಡಿ ಹಚ್ಚಿಕೊಂಡು ಮುಚ್ಚಳ ತೆಗೆದು ಇಣುಕುವವರೂ ಇದನ್ನು ನೆನಪಿಡಬೇಕು.

ಗಾಳಿಯಾಡುವ, ಬಿಸಿಲು ಬೀಳದ, ಮಕ್ಕಳ ಕೈಗೆ ಸಿಗದ ಜಗಲಿಯ ಮೂಲೆ ಉತ್ತಮ. ಹಲಗೆ ಅಥವಾ ಪ್ಲಾಸ್ಟಿಕ್ ತಟ್ಟೆಯ ಮೇಲೆ ಇಡಿ. ನೆಲ ಚಾರ್ಜು ಹೀರುತ್ತದೆ ಅನ್ನುವುದು ಹಳೇ ಕಾಲದ ಡಬ್ಬಗಳ ಮಾತು, ಇವತ್ತಿನ ಪ್ಲಾಸ್ಟಿಕ್ ಡಬ್ಬಕ್ಕೆ ಆ ದೋಷ ಇಲ್ಲ. ಹಲಗೆ ಬೇಕಾಗಿರುವುದು ಆಸಿಡ್ ಚೆಲ್ಲಿದರೆ ನೆಲ ಉಳಿಯಲಿ, ಅಡಿಗೆ ತೇವ ಕೂರದಿರಲಿ ಅಂತ. ಮೇಲೆ ಹೂವಿನ ಕುಂಡ, ಹಳೇ ಪೇಪರು, ಕತ್ತಿ ಏನನ್ನೂ ಇಡಬೇಡಿ. ಕತ್ತಿ ಎರಡು ಟರ್ಮಿನಲ್ಲಿಗೆ ಅಡ್ಡ ಬಿದ್ದರೆ ಕಿಡಿ ಎದ್ದು ಕಬ್ಬಿಣ ಕಾದು ಕೆಂಪಾಗುತ್ತದೆ.

ಜೋಡಿಸುವ ಕ್ರಮ

ಜೋಡಿಸುವವರು ಬಂದಾಗ ಮನೆಯವರು ಪಕ್ಕದಲ್ಲಿ ನಿಂತು ನೋಡಬೇಕು. ಮೊದಲು ಬ್ಯಾಟರಿಯನ್ನು ಚಾರ್ಜ್ ಕಂಟ್ರೋಲರಿಗೆ ಜೋಡಿಸಬೇಕು. ಆಮೇಲೆ ಪ್ಯಾನೆಲ್ಲಿನ ತಂತಿ, ಕೊನೆಗೆ ದೀಪಗಳ ತಂತಿ. ಬಿಚ್ಚುವಾಗ ಇದಕ್ಕೆ ತಿರುವು. ಮೊದಲು ಪ್ಯಾನೆಲ್ಲು ಜೋಡಿಸಿದರೆ ಕೆಲವು ಕಂಟ್ರೋಲರ್ ಸುಟ್ಟೇ ಹೋಗುತ್ತವೆ. ಕೆಂಪು ಪ್ಲಸ್ಸು, ಕಪ್ಪು ಮೈನಸ್ಸು ಅದಲು ಬದಲು ಆಗಬಾರದು. ಪ್ಲಸ್ ಟರ್ಮಿನಲ್ಲಿನ ಹತ್ತಿರವೇ ಒಂದು ಫ್ಯೂಸ್ ಇರಲೇಬೇಕು. ಸ್ಪ್ಯಾನರ್ ಹಿಡಿಗೆ ಇನ್ಸುಲೇಷನ್ ಟೇಪ್ ಸುತ್ತಿರಬೇಕು. ಕೈಯ ಉಂಗುರ, ಬಳೆ, ಗಡಿಯಾರ ತೆಗೆದಿಟ್ಟೇ ಕೈ ಹಾಕಬೇಕು.

ತಂತಿಯಲ್ಲಿ ಉಳಿಸಲು ಹೋಗಬೇಡಿ. ಇದು ಮುಖ್ಯ, ಯಾಕೆಂದರೆ ಇಲ್ಲಿ ಮೋಸ ಕಣ್ಣಿಗೆ ಕಾಣುವುದಿಲ್ಲ. ಪ್ಯಾನೆಲ್ಲಿನಿಂದ ಬ್ಯಾಟರಿಗೆ 10 ಮೀಟರ್ ದೂರ, 8 ಆಂಪಿಯರ್ ಹರಿಯುತ್ತದೆ ಅಂದುಕೊಳ್ಳಿ. ಮನೆ ವೈರಿಂಗಿನ ಒಂದೂವರೆ ಎಂ.ಎಂ. ತಂತಿ ಹಾಕಿದರೆ ದಾರಿಯಲ್ಲೇ ಸುಮಾರು 2 ವೋಲ್ಟ್ ಸೋರಿ ಹೋಗುತ್ತದೆ. 6 ಎಂ.ಎಂ. ತಂತಿ ಹಾಕಿದರೆ ಅರ್ಧ ವೋಲ್ಟ್ ಮಾತ್ರ. ಬ್ಯಾಟರಿ ಪೂರ್ತಿ ತುಂಬಲು 14 ವೋಲ್ಟಿಗೂ ಮೇಲೆ ಬೇಕು. ಬಿಸಿಲಿಗೆ ಕಾದ ಪ್ಯಾನೆಲ್ಲಿನ ವೋಲ್ಟೇಜ್ ಮೊದಲೇ ಇಳಿದಿರುತ್ತದೆ, ಅದರಲ್ಲೂ 2 ವೋಲ್ಟ್ ತಂತಿ ತಿಂದರೆ ಬ್ಯಾಟರಿಗೆ ಯಾವತ್ತೂ ಹೊಟ್ಟೆ ತುಂಬ ಊಟ ಇಲ್ಲ. ಕೆಲವು ನೂರು ರೂಪಾಯಿ ತಂತಿಯಲ್ಲಿ ಉಳಿಸಿ, ಬ್ಯಾಟರಿಯಲ್ಲಿ ಹತ್ತು ಸಾವಿರ ಕಳೆದುಕೊಂಡ ಹಾಗೆ.

ಕಂಟ್ರೋಲರ್ ಎಂಬ ಗುಮಾಸ್ತ

ಕಂಟ್ರೋಲರ್ ಅಂದರೆ ಬ್ಯಾಟರಿಯ ಲೆಕ್ಕ ಬರೆಯುವ ಗುಮಾಸ್ತ. ತುಂಬಿದ ಮೇಲೆ ಹೆಚ್ಚು ಹೋಗದಂತೆ ತಡೆಯುತ್ತದೆ, ತೀರಾ ಖಾಲಿ ಆದಾಗ ದೀಪ ಆರಿಸುತ್ತದೆ. ಜನರಿಗೆ ಸಿಟ್ಟು ಬರುವುದು ಈ ಎರಡನೇ ಕೆಲಸಕ್ಕೆ. ಕ್ರಿಕೆಟ್ ಪಂದ್ಯದ ಕೊನೇ ಓವರ್ ಆಗುವಾಗ, ಧಾರಾವಾಹಿಯ ಮುಖ್ಯ ಘಟ್ಟದಲ್ಲಿ ಟಿ.ವಿ. ಆರಿದರೆ ಯಾರಿಗಾದರೂ ಬೇಜಾರೇ. ಕೂಡಲೇ ಮನೆಯಲ್ಲಿ ಯಾರೋ ಒಬ್ಬ ಬುದ್ಧಿವಂತ ಕಂಟ್ರೋಲರ್ ತಪ್ಪಿಸಿ ಟಿ.ವಿ. ತಂತಿಯನ್ನು ನೇರ ಬ್ಯಾಟರಿಗೆ ಕಚ್ಚಿಸುತ್ತಾನೆ. ಪಂದ್ಯ ಮುಗಿಯುತ್ತದೆ, ತಂತಿ ಅಲ್ಲೇ ಉಳಿಯುತ್ತದೆ. ಅಲ್ಲಿಂದ ಬ್ಯಾಟರಿಗೆ ಹೇಳುವವರು ಕೇಳುವವರು ಇಲ್ಲ. ಎರಡು ವರ್ಷಕ್ಕೆ ಹೋದ ಬ್ಯಾಟರಿಗಳನ್ನು ನೋಡಲು ಹೋದಾಗ ನಾವು ಮೊದಲು ಹುಡುಕುವುದೇ ಈ ನೇರ ತಂತಿಯನ್ನು. ದೀಪ ತಾನಾಗಿ ಆರಿದರೆ "ಸೋಲಾರ್ ಕೆಟ್ಟಿತು" ಅನ್ನಬೇಡಿ. ಖಾತೆಯಲ್ಲಿ ದುಡ್ಡಿಲ್ಲ ಅಂತ ಗುಮಾಸ್ತ ಹೇಳುತ್ತಿದ್ದಾನೆ, ಅಷ್ಟೇ. ಮಾರನೇ ದಿನ ಖರ್ಚು ಕಡಿಮೆ ಮಾಡಿ.

ನೀರು, ಗ್ರಾವಿಟಿ, ಸ್ವಚ್ಛತೆ

ಇನ್ನು ಬಾಯಾರಿಕೆಯ ವಿಷಯ. ಬೇಸಿಗೆಯಲ್ಲಿ ತಿಂಗಳಿಗೊಮ್ಮೆ, ಉಳಿದ ಕಾಲದಲ್ಲಿ ಎರಡು ತಿಂಗಳಿಗೊಮ್ಮೆ ಆರೂ ಕೋಣೆಯ ನೀರಿನ ಮಟ್ಟ ನೋಡಬೇಕು. ಹಾಕಬೇಕಾದ್ದು ಡಿಸ್ಟಿಲ್ಡ್ ವಾಟರ್ ಒಂದೇ. ಬಾವಿ ನೀರು ಎಷ್ಟು ತಿಳಿ ಇದ್ದರೂ ಅದರಲ್ಲಿ ಸುಣ್ಣ, ಕಬ್ಬಿಣ, ಉಪ್ಪಿನ ಅಂಶ ಇರುತ್ತದೆ. ಕಾಯಿಸಿ ಆರಿಸಿದರೆ ಅವು ಹೋಗುವುದಿಲ್ಲ. ಹಂಚಿನಿಂದ ಇಳಿದ ಮಳೆನೀರೂ, ಫಿಲ್ಟರ್ ನೀರೂ ಬೇಡ. ಚಾರ್ಜು ಆದ ಮೇಲೆ ಗುರುತಿನವರೆಗೆ ಹಾಕಿ. ಪ್ಲೇಟು ಬರಿದಾಗಿ ಕಾಣುತ್ತಿದ್ದರೆ ಮಾತ್ರ ಅದು ಮುಳುಗುವಷ್ಟು ಮೊದಲು ಹಾಕಿ, ಉಳಿದದ್ದು ಚಾರ್ಜಿನ ನಂತರ. ತುಂಬಿ ತುಳುಕಿಸಿದರೆ ಆಸಿಡ್ ಹೊರಗೆ ಬಂದು ಟರ್ಮಿನಲ್ ತಿನ್ನುತ್ತದೆ.

"ಬ್ಯಾಟರಿ ವೀಕ್ ಆಗಿದೆ, ಸ್ವಲ್ಪ ಆಸಿಡ್ ಹಾಕಿ" ಅನ್ನುವವರಿದ್ದಾರೆ. ಹಾಕಬೇಡಿ, ಹಾಕಿಸಲೂ ಬೇಡಿ. ಆವಿಯಾಗಿ ಹೋಗುವುದು ನೀರು ಮಾತ್ರ, ಆಸಿಡ್ ಒಳಗೇ ಇರುತ್ತದೆ. ಹಸಿದವನಿಗೆ ಊಟ ಬೇಕು, ಸಾರಾಯಿ ಕುಡಿಸಿದರೆ ಒಂದು ಗಳಿಗೆ ಎದ್ದು ಕುಣಿದಾನು, ಆಮೇಲೆ ಬೀಳುತ್ತಾನೆ. ಬ್ಯಾಟರಿಗೂ ಹಾಗೇ.

ಹೊಟ್ಟೆ ತುಂಬಿದೆಯೋ ಇಲ್ಲವೋ ತಿಳಿಯುವ ಉಪಾಯ ಹೈಡ್ರೋಮೀಟರ್. ನಮ್ಮವರು ಇದಕ್ಕೆ ಗ್ರಾವಿಟಿ ನೋಡುವುದು ಅನ್ನುತ್ತಾರೆ. ಟ್ಯೂಬುಲರ್ ಬ್ಯಾಟರಿ ಪೂರ್ತಿ ತುಂಬಿದಾಗ ಸಾಮಾನ್ಯವಾಗಿ 1.240ರ ಆಚೀಚೆ ತೋರಿಸುತ್ತದೆ, ಅರ್ಧಕ್ಕೆ ಇಳಿದಾಗ 1.180ರ ಸುಮಾರು. ನಿಮ್ಮ ಬ್ಯಾಟರಿಯ ಜೊತೆ ಕೊಟ್ಟ ಪುಸ್ತಕದಲ್ಲಿ ಬೇರೆ ಅಂಕಿ ಇದ್ದರೆ ಅದನ್ನೇ ನಂಬಿ. ನೀರು ಹಾಕಿದ ಕೂಡಲೇ ನೋಡಿದರೆ ಸುಳ್ಳು ಅಂಕಿ ಬರುತ್ತದೆ. ಒಂದು ದಿನ ಚಾರ್ಜು ಆದ ಮೇಲೆ ನೋಡಿ. ಆರು ಕೋಣೆಗಳಲ್ಲಿ ಒಂದು ಮಾತ್ರ ಉಳಿದವಕ್ಕಿಂತ 0.030ಕ್ಕೂ ಹೆಚ್ಚು ಹಿಂದೆ ಬಿದ್ದಿದ್ದರೆ ಅಲ್ಲಿ ರೋಗ ಇದೆ, ವಾರಂಟಿ ಮುಗಿಯುವುದರೊಳಗೆ ತೋರಿಸಿ. ಮೀಟರ್ ಇದ್ದವರು ಬ್ಯಾಟರಿಯನ್ನು ಎರಡು ಮೂರು ಗಂಟೆ ಸುಮ್ಮನೆ ಬಿಟ್ಟು ನೋಡಬಹುದು. 12.5 ವೋಲ್ಟ್ ಇದ್ದರೆ ತುಂಬಿದೆ, 12.1 ಇದ್ದರೆ ಅರ್ಧ, 11.8ಕ್ಕೆ ಬಂದರೆ ಖಾಲಿ.

ಟರ್ಮಿನಲ್ಲಿನ ಮೇಲೆ ಬಿಳಿ, ಹಸಿರು ಪುಡಿ ಕಂಡರೆ ಬಿಸಿನೀರಿಗೆ ಅಡುಗೆ ಸೋಡಾ ಬೆರೆಸಿ ಒದ್ದೆ ಬಟ್ಟೆಯಲ್ಲಿ ಒರೆಸಿ. ಮುಚ್ಚಳ ಭದ್ರ ಇರಲಿ, ಆ ನೀರು ಒಳಗೆ ಹೋಗಬಾರದು. ಒಣಗಿದ ಮೇಲೆ ನಟ್ಟು ಬಿಗಿ ಮಾಡಿ ತೆಳ್ಳಗೆ ವ್ಯಾಸಲೀನ್ ಹಚ್ಚಿ. ಆಸಿಡ್ ಮೈಗೋ ಕಣ್ಣಿಗೋ ಹಾರಿದರೆ ಮದ್ದು ಹುಡುಕುತ್ತಾ ಕೂರಬೇಡಿ, ಹದಿನೈದು ಇಪ್ಪತ್ತು ನಿಮಿಷ ಧಾರಾಳ ನೀರಿನಲ್ಲಿ ತೊಳೆಯುತ್ತಲೇ ಇದ್ದು, ಕಣ್ಣಾದರೆ ತಕ್ಷಣ ಡಾಕ್ಟರ ಹತ್ತಿರ ಹೋಗಿ.

ಮಳೆಗಾಲದಲ್ಲಿ ವಾರಗಟ್ಟಲೆ ಬಿಸಿಲಿಲ್ಲ ಅಂದಾಗ, ಕರೆಂಟು ಇರುವ ಮನೆಯವರು ಕರೆಂಟು ಇದ್ದಾಗಲೇ ಚಾರ್ಜರಿನಿಂದ ಬ್ಯಾಟರಿಯನ್ನು ಒಮ್ಮೆ ಪೂರ್ತಿ ತುಂಬಿಸಿಕೊಳ್ಳಿ. ತಿಂಗಳಿಗೆ ಒಂದು ಸಲವಾದರೂ ಬ್ಯಾಟರಿಗೆ ಹೊಟ್ಟೆ ತುಂಬ ಊಟ ಆಗಲೇಬೇಕು.

ಹೊಸದು ಮತ್ತು ಹಳೆಯದು

ಈಗ ಲಿಥಿಯಂ ಬ್ಯಾಟರಿ ಬಂದಿದೆ. ನೀರು ಬೇಡ, ಹಗುರ, ಸುಮಾರು ನೂರಕ್ಕೆ 80ರವರೆಗೆ ಬಳಸಿದರೂ ತಾಳುತ್ತದೆ. ಬೆಲೆ ಹೆಚ್ಚು. ಅನುಕೂಲ ಇದ್ದವರು ಹಾಕಿಸಬಹುದು, ಆದರೆ ಅದಕ್ಕೆ ಹೊಂದುವ ಕಂಟ್ರೋಲರ್ ಬೇಕು. ಹಳೇ ಕಂಟ್ರೋಲರಿಗೆ ಹಾಗೇ ಸಿಕ್ಕಿಸಬೇಡಿ. ಹಳೇ ಬ್ಯಾಟರಿಯ ಜೊತೆ ಹೊಸದನ್ನು ಜೋಡಿಸುವುದೂ ಬೇಡ, ಹಳೆಯದು ಹೊಸದನ್ನೂ ತನ್ನ ಮಟ್ಟಕ್ಕೆ ಎಳೆಯುತ್ತದೆ.

2024ರಲ್ಲಿ ಶುರುವಾದ ಪಿ.ಎಂ. ಸೂರ್ಯ ಘರ್ ಯೋಜನೆಯ ಬಗ್ಗೆ ಬಹಳ ಜನ ಕೇಳುತ್ತಾರೆ. ಅದರಲ್ಲಿ ಸಾಮಾನ್ಯವಾಗಿ ಹಾಕುವುದು ಕರೆಂಟಿನ ಲೈನಿಗೆ ಸೇರಿಸುವ ವ್ಯವಸ್ಥೆ. ಬಿಲ್ಲು ಇಳಿಯುತ್ತದೆ, ಒಳ್ಳೆಯದೇ. ಆದರೆ ಲೈನಿನಲ್ಲಿ ಕೆಲಸ ಮಾಡುವ ಲೈನ್‌ಮನ್‌ಗಳ ಜೀವ ಉಳಿಯಲಿ ಅಂತ ಕರೆಂಟು ಹೋದ ಕೂಡಲೇ ಅದೂ ನಿಲ್ಲುತ್ತದೆ. ಗಾಳಿಮಳೆಗೆ ಮರ ಬಿದ್ದು ಮೂರು ದಿನ ಲೈನ್ ಇಲ್ಲದ ನಮ್ಮ ಮಲೆನಾಡಿನಲ್ಲಿ ರಾತ್ರಿ ಬೆಳಕು ಬೇಕು ಅಂದರೆ ಬ್ಯಾಟರಿಯೂ, ಅದಕ್ಕೆ ತಕ್ಕ ಇನ್ವರ್ಟರೂ ಇರಲೇಬೇಕು. ಇದನ್ನು ತಿಳಿದೇ ಅರ್ಜಿ ಹಾಕಿ.

ಬ್ಯಾಟರಿ ಕೆಟ್ಟ ಮೇಲೆ ಮನೆಯ ಹಿಂದೆ ಎಸೆಯಬೇಡಿ, ಒಡೆದು ಸೀಸ ಕರಗಿಸುವವರಿಗೆ ಕೊಡಬೇಡಿ. ಸೀಸದ ಹೊಗೆ, ಧೂಳು ಮಕ್ಕಳ ಮಿದುಳಿಗೆ ವಿಷ. 2022ರ ಬ್ಯಾಟರಿ ತ್ಯಾಜ್ಯ ನಿರ್ವಹಣಾ ನಿಯಮಗಳ ಪ್ರಕಾರ ಹಳೇ ಬ್ಯಾಟರಿಗಳನ್ನು ಸಂಗ್ರಹಿಸಿ ಸರಿಯಾಗಿ ಮರುಬಳಕೆಗೆ ಕಳಿಸುವ ಹೊಣೆ ತಯಾರಕರದ್ದು. ಅಂಗಡಿಗೆ ವಾಪಸು ಕೊಟ್ಟರೆ ಹೊಸದರ ಬೆಲೆಯಲ್ಲಿ ಮುರಿದುಕೊಳ್ಳುತ್ತಾರೆ. ಎಷ್ಟು ಮುರಿದುಕೊಂಡರು ಅಂತ ಬಿಲ್ಲಿನಲ್ಲೇ ಬರೆಸಿ.

ಸಂಘ ಮಾಡಬಹುದಾದ್ದು

ಕರ್ನಾಟಕದ ಹಳ್ಳಿಗಳಿಗೆ ಸೋಲಾರ್ ದೀಪ ಬಂದದ್ದರಲ್ಲಿ ಸಾಲದ ಪಾತ್ರ ದೊಡ್ಡದು. 1995ರಲ್ಲಿ ಸೆಲ್ಕೋ ಸಂಸ್ಥೆ ಕಟ್ಟಿದವರಲ್ಲಿ ಒಬ್ಬರಾದ ಹರೀಶ್ ಹಂದೆಯವರಿಗೆ 2011ರಲ್ಲಿ ಮ್ಯಾಗ್ಸೆಸೆ ಪ್ರಶಸ್ತಿ ಬಂದದ್ದು ನಿಮಗೆ ಗೊತ್ತಿದೆ. ಬಡವರಿಗೂ ಕಂತಿನಲ್ಲಿ ಕೊಟ್ಟರೆ ಸೋಲಾರ್ ಕೈಗೆಟುಕುತ್ತದೆ, ಹಾಕಿದ ಮೇಲೆ ರಿಪೇರಿಯವರೂ ಹತ್ತಿರ ಇರಬೇಕು ಅನ್ನುವುದು ಆ ಕೆಲಸದ ಪಾಠ. ಸಾಲ ಕೊಡುವ ಮೊದಲರ್ಧವನ್ನು ನಮ್ಮ ಸಂಘ ಮಾಡಿದೆ. ಎರಡನೇ ಅರ್ಧಕ್ಕಾಗಿ ಆಡಳಿತ ಮಂಡಳಿಯ ಮುಂದೆ ಮೂರು ಸಲಹೆ ಇಡುತ್ತೇವೆ.

ಒಂದು, ನಮ್ಮ ಸಂಘದ ಅಂಗಡಿಯಲ್ಲಿ ಗೊಬ್ಬರ, ಮೈಲುತುತ್ತದ ಜೊತೆ ಡಿಸ್ಟಿಲ್ಡ್ ವಾಟರ್ ಕ್ಯಾನೂ ಸಿಗಲಿ. ನೀರು ಹತ್ತಿರ ಸಿಕ್ಕರೆ ಬಾವಿ ನೀರು ಹಾಕುವವರಿಲ್ಲ. ಎರಡು, ಸಂಘದಲ್ಲಿ ಎರಡು ಹೈಡ್ರೋಮೀಟರ್ ಇಟ್ಟು ಊರಿನ ಹುಡುಗ ಹುಡುಗಿಯರಿಬ್ಬರಿಗೆ ನಾವು ಕೆಲಸ ಕಲಿಸುತ್ತೇವೆ. ಅವರು ಮನೆ ಮನೆಗೆ ಹೋಗಿ ಗ್ರಾವಿಟಿ ಬರೆದಿಡಲಿ, ಮನೆಯವರು ಕೊಡುವ ಸಣ್ಣ ಶುಲ್ಕ ಅವರಿಗೇ ಇರಲಿ. ಮೂರು, ಸೋಲಾರ್ ಸಾಲ ತೆಗೆದ ಪ್ರತಿ ಸದಸ್ಯರೂ ತಿಂಗಳಿಗೆ 200 ರೂಪಾಯಿಯ ಆರ್.ಡಿ. ಕಟ್ಟಲಿ. ಐದು ವರ್ಷಕ್ಕೆ 12,000 ರೂಪಾಯಿ, ಬಡ್ಡಿ ಬೇರೆ. ಬ್ಯಾಟರಿ ಮುದಿಯಾಗುವ ಹೊತ್ತಿಗೆ ಹೊಸದರ ಬಹುಪಾಲು ದುಡ್ಡು ಕೈಯಲ್ಲಿ ಇರುತ್ತದೆ. ಮತ್ತೆ ಸಾಲ ಬೇಡ, ಜಾಮೀನು ಬೇಡ.

1905ರಲ್ಲಿ ಗದಗದ ಹತ್ತಿರ ಕಣಗಿನಹಾಳದಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ದೇಶದ ಮೊದಲ ಕೃಷಿ ಪತ್ತಿನ ಸಹಕಾರ ಸಂಘ ಕಟ್ಟಿದಾಗ ಇದ್ದ ಆಲೋಚನೆಯೂ ಇಂಥದ್ದೇ. ಒಬ್ಬೊಬ್ಬರ ಸ್ವಲ್ಪ ಸ್ವಲ್ಪ ಒಟ್ಟು ಸೇರಿದರೆ ಕಷ್ಟಕಾಲಕ್ಕೆ ಎಲ್ಲರಿಗೂ ಆಗುತ್ತದೆ. ಹಗಲಿನ ಬಿಸಿಲನ್ನು ರಾತ್ರಿಗೆ ಉಳಿಸಿಡುವ ಬ್ಯಾಟರಿ ಮಾಡುವುದೂ ಅದನ್ನೇ.

ಇವತ್ತು ಮನೆಗೆ ಹೋದ ಕೂಡಲೇ ಟಾರ್ಚು ಹಿಡಿದು ಬ್ಯಾಟರಿಯ ನೀರಿನ ಮಟ್ಟ ನೋಡಿ. ಬೀಡಿ ಮಾತ್ರ ಹೊರಗೇ ಆರಿಸಿ ಬನ್ನಿ.